ತಿದ್ದುವ ಕೈ ಮತ್ತು ಕೂಟಲೇಖ

ಅಮೆರಿಕದ ದೂರದರ್ಶನದಲ್ಲಿ 1989ರಿಂದ ಪ್ರಸಾರವಾಗುತ್ತಿರುವ ‘ದಿ ಸಿಂಪ್ಸನ್ಸ್’ ಎಂಬ ವ್ಯಂಗ್ಯಚಿತ್ರ ಮಾಲಿಕೆಯ ಬಹುಪಾಲು ಕಂತುಗಳಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನಗಳಿವೆ. ಅರ್ಧ ತಾಸಿನೊಳಗೆ ಮುಗಿದುಹೋಗುವ ಒಂದು ಕಂತಿನ ಕಥೆ, ಬರೆದವರು, ದನಿ ಕೊಟ್ಟವರು, ವಿಮರ್ಶಕರ ಅಭಿಪ್ರಾಯ ಇವೆಲ್ಲವನ್ನೂ ಪರಸ್ಪರ ಮುಖವನ್ನೇ ಕಾಣದ ಹಲವರು ಸಂಬಳವಿಲ್ಲದೆ ಬರೆದು, ತಿದ್ದಿ, ಮತ್ತೆ ತಿದ್ದಿ ನಿಲ್ಲಿಸಿದ್ದಾರೆ. ಅವುಗಳಲ್ಲಿ ಕೆಲವು ಆ ವಿಶ್ವಕೋಶದ ಅತ್ಯುನ್ನತ ದರ್ಜೆಯನ್ನೂ ಪಡೆದಿವೆ.

ಹುಣಸೂರಿನಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ, ಮೊಮ್ಮಗನು ಇಂತಹ ಕೆಲಸದಲ್ಲಿ ರಾತ್ರಿ ಕಳೆಯುವುದನ್ನು ಕಂಡ ಅಜ್ಜನು ಇದನ್ನು ಅನರ್ಥದಂಡವೆಂದೇ ಎಣಿಸಿಯಾನು. ನಿಷ್ಪ್ರಯೋಜಕವಾದ ಕ್ರಿಯೆಯಿಂದ ವಿರಮಿಸುವುದು ಶ್ರಾವಕನ ಗುಣವ್ರತಗಳಲ್ಲಿ ಒಂದಲ್ಲವೇ? ಅಜ್ಜನ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕೆಲಸದ ವಸ್ತು ಕ್ಷುಲ್ಲಕವಾದ ಮಾತ್ರಕ್ಕೆ ಕೆಲಸದ ರೀತಿಯೂ ಕ್ಷುಲ್ಲಕವಾಗುವುದೇ ಎಂಬುದು ಬೇರೆಯೇ ಪ್ರಶ್ನೆ. ಹೆಗ್ಗಡದೇವನಕೋಟೆಯ ಹತ್ತಿಯನ್ನೂ ಅಂಗಡಿಯ ಉಪ್ಪನ್ನೂ ಬೇರೆಬೇರೆ ತಕ್ಕಡಿಯಲ್ಲಿ ತೂಗಬಹುದು. ಬೇರೆಬೇರೆ ಪ್ರಾಮಾಣಿಕತೆಯಿಂದ ತೂಗಲಾಗದು.

ಆ ರೀತಿಯನ್ನು ಸ್ವಲ್ಪ ನೋಡಬೇಕು. ಯಾರು ಬೇಕಾದರೂ ತಿದ್ದಬಹುದು. ಆದರೆ ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವನ ಗುರುತಿನೊಡನೆ, ದಿನಾಂಕ ವೇಳೆಗಳೊಡನೆ ದಾಖಲಾಗುತ್ತದೆ. ಹಳೆಯ ಪಾಠವನ್ನು ಮತ್ತೆ ತೆಗೆದು ನೋಡಬಹುದು. ಭಿನ್ನಾಭಿಪ್ರಾಯವನ್ನು ಲೇಖನದೊಳಗೆ ತುರುಕದೆ ಪಕ್ಕದ ಚರ್ಚಾಪುಟದಲ್ಲಿ ಬಗೆಹರಿಸಿಕೊಳ್ಳಬೇಕು. ಕಂತಿನಲ್ಲಿ ಕಣ್ಣಿಗೆ ಕಂಡ ಕಥೆಯನ್ನು ಕಂತನ್ನೇ ಆಧಾರವಾಗಿಟ್ಟು ಹೇಳಬಹುದು. ಅದರ ಅರ್ಥವೇನೆಂದು ಹೇಳಹೊರಟರೆ ಪ್ರಕಟಿತವಾದ ಬೇರೊಂದು ಆಧಾರ ಬೇಕು. ಕಂಡದ್ದಕ್ಕೂ ಕಂಡದ್ದರ ಮೇಲೆ ಕಟ್ಟಿಕೊಂಡದ್ದಕ್ಕೂ ನಡುವೆ ಎಳೆದ ಈ ಗೆರೆ ಪ್ರಮಾಣಶಾಸ್ತ್ರ ಬಲ್ಲವರಿಗೆ ಹೊಸದಾಗಿ ತೋರದು.

ಹಲವು ಕೈಗಳ ಬರಹವೂ ನಮಗೆ ಹೊಸದಲ್ಲ. ಜಯಧವಳಾ ಟೀಕೆಯನ್ನು ವೀರಸೇನರು ಇಪ್ಪತ್ತು ಸಾವಿರ ಶ್ಲೋಕಪ್ರಮಾಣದವರೆಗೆ ಬರೆದು ದಿವಂಗತರಾದಾಗ, ಶಿಷ್ಯ ಜಿನಸೇನರು ಮತ್ತೆ ನಲವತ್ತು ಸಾವಿರ ಸೇರಿಸಿ ಕ್ರಿ.ಶ. 837ರಲ್ಲಿ ಮುಗಿಸಿದರು. ಜಿನಸೇನರ ಮಹಾಪುರಾಣವೂ ಅರ್ಧಕ್ಕೇ ನಿಂತಾಗ ಅದನ್ನು ಪೂರ್ಣಗೊಳಿಸಿದವರು ಗುಣಭದ್ರರು. ಗುರುವಿನ ಮಾತು ಎಲ್ಲಿಗೆ ನಿಂತಿತು, ಶಿಷ್ಯನದು ಎಲ್ಲಿಂದ ಮೊದಲಾಯಿತು ಎಂಬುದನ್ನು ಪರಂಪರೆ ಮರೆಮಾಚಲಿಲ್ಲ. ಅಭಿಮಾನವನ್ನು ಬಿಡುವುದು ಬೇರೆ, ಹೊಣೆಯನ್ನು ಬಿಡುವುದು ಬೇರೆ.

ಕಂತಿಗೊಂದು ಲೇಖನ ಇರಬೇಕೇ ಎಂಬುದೇ ವಿವಾದವಾಗಿ, ಒಬ್ಬರು ತೆಗೆಯುವುದು ಇನ್ನೊಬ್ಬರು ಮರಳಿ ಹಾಕುವುದು ಮಿತಿಮೀರಿ, 2007ರ ಕೊನೆಯಲ್ಲಿ ಪ್ರಕರಣ ಇಂಗ್ಲಿಷ್ ವಿಕಿಪೀಡಿಯದ ನ್ಯಾಯಪಂಚಾಯ್ತಿ ಸಮಿತಿಯ ಮುಂದೆ ಹೋಯಿತು. ಸಮಿತಿಯು ಲೇಖನಗಳ ಯೋಗ್ಯತೆಯನ್ನು ನಿರ್ಣಯಿಸಲಿಲ್ಲ. ಉಭಯಪಕ್ಷದವರೂ ಸಹಕಾರದಿಂದ ನಡೆಯಬೇಕೆಂದಷ್ಟೇ ಹೇಳಿತು. ವ್ಯಂಗ್ಯಚಿತ್ರಕ್ಕಾಗಿ ಇಷ್ಟು ದ್ವೇಷವೇ ಎಂದು ನಗುವವರು ಬಸದಿಯ ಅಭಿಷೇಕದ ಸರದಿಗಾಗಿ ನಡೆದ ಜಗಳಗಳನ್ನೂ ನೆನೆಯಬಹುದು. ಇನ್ನೊಬ್ಬನ ನಾಲ್ಕು ರಾತ್ರಿಯ ಶ್ರಮವನ್ನು ಕಾರಣ ಹೇಳದೆ ಒಂದು ಗುಂಡಿಯೊತ್ತಿ ಅಳಿಸುವುದರಲ್ಲಿ ಹಿಂಸೆಯಿಲ್ಲವೆನ್ನಲು ಬರುವುದಿಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಈ ಸೀಮೆಯ ಕುಟುಂಬಗಳಿಗೂ ಟ್ರಸ್ಟುಗಳಿಗೂ ಪ್ರಶ್ನೆ ನಿಜವಾಗಿ ತಟ್ಟುವುದು ಇಲ್ಲಿ. ವ್ಯಂಗ್ಯಚಿತ್ರದ ಕಂತಿನ ಬಗ್ಗೆ ಸುಳ್ಳು ಬರೆಯಲು ಯಾರಿಗೂ ವಿಶೇಷ ಆಸೆಯಿರುವುದಿಲ್ಲ. ನಮ್ಮ ಊರಿನ ಬಸದಿಯ ಬಗ್ಗೆ ಆ ಆಸೆ ಇರುತ್ತದೆ. ನೂರು ವರ್ಷವನ್ನು ಇನ್ನೂರು ಮಾಡಲು, ದಾನಿಗಳ ಸಾಲಿನಲ್ಲಿ ಮನೆತನದ ಹೆಸರನ್ನು ಮೊದಲಿಗೆ ತರಲು ಭಕ್ತಿಯೇ ನೆಪವಾಗುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಅದನ್ನು ಸುಳ್ಳು ಸಾಲಪತ್ರಕ್ಕೂ ತಿದ್ದಿದ ಲೆಕ್ಕದ ಪುಸ್ತಕಕ್ಕೂ ಮಾತ್ರ ಅನ್ವಯಿಸಿ ನಿಶ್ಚಿಂತರಾಗಿರುವುದು ವ್ಯಾಪಾರಸ್ಥರ ರೂಢಿ. ಲೋಕವೆಲ್ಲ ಓದುವ ಪುಟದಲ್ಲಿ ಆಧಾರವಿಲ್ಲದ ಶತಮಾನವನ್ನು ಸೇರಿಸುವುದು ಯಾವ ಲೆಕ್ಕಕ್ಕೆ ಸೇರಬೇಕು?

ಅನೇಕಾಂತವನ್ನು ಇದಕ್ಕೆ ರಕ್ಷಣೆಯಾಗಿ ತರುವವರಿದ್ದಾರೆ: ಅವರ ದೃಷ್ಟಿಯಿಂದ ಅದೂ ಸತ್ಯ, ಇವರ ದೃಷ್ಟಿಯಿಂದ ಇದೂ ಸತ್ಯ ಎಂದು. ಸ್ಯಾದ್ವಾದವು ಹೇಳುವುದು ಹಾಗಲ್ಲ. ಯಾವ ಅಪೇಕ್ಷೆಯಿಂದ ಎಂಬುದನ್ನು ಬಿಡದೆ ಹೇಳು ಎಂದು. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಒಂದು ಕಾಲಕ್ಕೆ 64 ಬಸದಿಗಳಿದ್ದುವೆಂಬ ಪರಂಪರೆಯಿದೆ. ಇಂದು ಹೋದವರಿಗೆ ಕಾಣುವುದು ತ್ರಿಕೂಟದ ಆದಿನಾಥ ಬಸದಿ. ಅಲ್ಲಿ ‘64 ಬಸದಿಗಳಿದ್ದುವು’ ಎಂದು ಬರೆಯುವುದಕ್ಕೂ ‘ಇದ್ದುವೆಂಬ ಪರಂಪರೆಯಿದೆ’ ಎಂದು ಬರೆಯುವುದಕ್ಕೂ ನಡುವಣ ಅಂತರವೇ ‘ಸ್ಯಾತ್’.

ಆಧಾರದ ನಿಯಮದಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಹುಣಸೂರು ತಾಲ್ಲೂಕಿನ ಬಿಳಿಕೆರೆ ಸಮೀಪದ ಗೊಮ್ಮಟಗಿರಿಯ ಬಾಹುಬಲಿ ಮೂರ್ತಿಯ ಎತ್ತರವನ್ನು ಕೆಲವು ಬರಹಗಳು 18 ಅಡಿ ಎನ್ನುತ್ತವೆ, ಕೆಲವು 20 ಅಡಿ. ಭಕ್ತನೊಬ್ಬನು ತಾನೇ ಅಳೆದು ಬಂದು ಬರೆದರೂ ವಿಶ್ವಕೋಶ ಅದನ್ನು ಒಪ್ಪದು. ಅದು ಕೇಳುವುದು ಅಚ್ಚಾದ ಆಧಾರವನ್ನು. ಪ್ರತ್ಯಕ್ಷವು ಹೊರಗೆ ನಿಂತು, ಯಾರೋ ಅಳೆಯದೆ ಬರೆದ ಅಂಕಿ ಒಳಗೆ ಹೋಗುವುದು ಅನ್ಯಾಯವಾಗಿ ಕಾಣುತ್ತದೆ. ಆದರೂ ಅಳೆದವನು ಸತ್ಯವಂತನೇ ಎಂಬುದನ್ನು ದೂರದ ಓದುಗನು ಯಾವುದರಿಂದ ತಿಳಿಯಬೇಕು? ಸದ್ಯಕ್ಕೆ ಎರಡು ಅಂಕಿಗಳನ್ನೂ ಅವರವರ ಆಧಾರದೊಡನೆ ಬರೆದು ಬಿಡುವುದೇ ಸರಿ. ಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದ ದಿನ ಬಲ್ಲವರಿಂದ ಪಾದದಿಂದ ಮಸ್ತಕದವರೆಗೆ ಅಳತೆ ತೆಗೆಸಿ, ಪೀಠ ಸೇರಿದೆಯೋ ಇಲ್ಲವೋ ಎಂಬುದನ್ನೂ ಅಳೆದವರ ಹೆಸರು ಮತ್ತು ದಿನಾಂಕವನ್ನೂ ಸೇರಿಸಿ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಬಾರದು. ಅಂಕಿ 18ಕ್ಕಿಂತ ಕಡಿಮೆ ಬಂದರೆ ಅದನ್ನೇ ಹಾಕಿಸಬೇಕಾಗುತ್ತದೆ.