ನಾದ ಹುಟ್ಟುವುದೋ, ತೋರಿಕೊಳ್ಳುವುದೋ: ಜಾಚಿಂತೊ ಶೆಲ್ಸಿಯವರ ಸಂಗೀತ ಎತ್ತುವ ಪ್ರಶ್ನೆ

ದಶಕಗಳ ಹಿಂದೆ ರಚಿತವಾಗಿ, ಹೆಚ್ಚು ಜನರ ಕಿವಿಗೆ ಬೀಳದೆ ಉಳಿದಿದ್ದ ಸಂಗೀತಕೃತಿಯೊಂದನ್ನು ಕೇಳಿದವರು ಅದರ ಆಧುನಿಕತೆಗೆ ಬೆರಗಾಗುವುದು ಕಲೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣಬರುವ ಸಂಗತಿ. ಆ ಬೆರಗನ್ನು ಸಾಮಾನ್ಯವಾಗಿ ಪ್ರಶಂಸೆಯೆಂದೇ ಎಣಿಸಲಾಗುತ್ತದೆಯಾದರೂ ಅದರೊಳಗೆ ಒಂದು ತಾತ್ವಿಕ ತೊಡಕು ಅಡಗಿದೆ: ಕಾಲವು ನಾದಕ್ಕೇ ಅಂಟಿದ ಗುಣವೋ, ನಾದವನ್ನು ಜೋಡಿಸಿದ ಮನುಷ್ಯನ ಕೆಲಸಕ್ಕೆ ಮಾತ್ರ ಅಂಟಿದ್ದೋ? ಇಟಲಿಯ ಜಾಚಿಂತೊ ಶೆಲ್ಸಿ (1905–1988) ಅವರ ಕೃತಿಗಳೂ ಅವರ ನಿಧನಾನಂತರ ಎದ್ದ ವಿವಾದವೂ ಈ ತೊಡಕನ್ನು ಬಿಡಿಸಿ ನೋಡಲು ಒಳ್ಳೆಯ ನಿದರ್ಶನವಾಗಿವೆ.

ಸಿರಿವಂತ ಮನೆತನದಲ್ಲಿ ಹುಟ್ಟಿದ ಶೆಲ್ಸಿ ಮೊದಲು ಹನ್ನೆರಡು ಸ್ವರಗಳ ಪದ್ಧತಿಯನ್ನು, ಎಂದರೆ ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಪ್ರಾಧಾನ್ಯವಿತ್ತು ಅವನ್ನು ಗೊತ್ತುಪಡಿಸಿದ ಕ್ರಮದಲ್ಲಿ ಬಳಸುವ ಪದ್ಧತಿಯನ್ನು, ಅಭ್ಯಾಸ ಮಾಡಿದ್ದರು. 1940ರ ದಶಕದಲ್ಲಿ ಅವರು ತೀವ್ರ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾದರು. ಚಿಕಿತ್ಸೆಯ ದಿನಗಳಲ್ಲಿ ಪಿಯಾನೊದ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸಿ, ಅದು ಕ್ಷೀಣಿಸಿ ಅಡಗುವವರೆಗೆ ಕಿವಿಗೊಟ್ಟು ಕೂರುತ್ತಿದ್ದರೆಂಬುದು ಅವರ ಜೀವನಚರಿತ್ರೆಯ ಪ್ರಸಿದ್ಧ ಸಂಗತಿ. ಅನಂತರ ರೋಮ್ ನಗರದಲ್ಲಿ ನೆಲೆಸಿದ ಅವರು ಕಾಗದದ ಮೇಲೆ ಸ್ವರಲಿಪಿ ಬರೆಯುವ ರೂಢಿಯನ್ನೇ ಬಹುಮಟ್ಟಿಗೆ ಕೈಬಿಟ್ಟು, ಒಂದಿಯೋಲಾ ಎಂಬ ಪುಟ್ಟ ವಿದ್ಯುನ್ಮಾನ ವಾದ್ಯದಲ್ಲಿ ಮನೋಧರ್ಮಕ್ಕೆ ತಕ್ಕಂತೆ ನುಡಿಸಿ, ಅದನ್ನು ಟೇಪಿನಲ್ಲಿ ಮುದ್ರಿಸಿಕೊಂಡು, ಆ ಮುದ್ರಿಕೆಗಳನ್ನು ಸ್ವರಲಿಪಿಗೆ ಇಳಿಸುವ ಕೆಲಸವನ್ನು ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸಿದರು. ಹಾಗೆ ದುಡಿದವರಲ್ಲಿ ಮುಖ್ಯರು, ಸ್ವತಃ ಸಂಗೀತರಚನಕಾರರಾಗಿದ್ದ ವಿಯೇರಿ ತೊಸಾತ್ತಿ.

ಈ ವಿಧಾನದ ಫಲವೇನೆಂಬುದನ್ನು 1959ರ 'ಒಂದೊಂದು ಸ್ವರದ ಮೇಲೆ ನಾಲ್ಕು ರಚನೆಗಳು' ಎಂಬ ವಾದ್ಯವೃಂದದ ಕೃತಿಯಲ್ಲಿ ಸ್ಪಷ್ಟವಾಗಿ ಕೇಳಬಹುದು. ಅದರ ನಾಲ್ಕು ಭಾಗಗಳು ಕ್ರಮವಾಗಿ ಎಫ್, ಬಿ, ಎ-ಫ್ಲ್ಯಾಟ್ ಮತ್ತು ಎ ಎಂದು ಪಾಶ್ಚಾತ್ಯರು ಕರೆಯುವ ಒಂದೊಂದೇ ಸ್ವರವನ್ನು ಹಿಡಿದು ಸಾಗುತ್ತವೆ. ರಾಗವಿಸ್ತಾರವಾಗಲಿ ಸ್ವರಗಳ ಮೇಳವಾಗಲಿ ಅಲ್ಲಿಲ್ಲ. ಸ್ವರವೊಂದು ಒಂದು ವಾದ್ಯದಲ್ಲಿ ಮೆಲ್ಲನೆ ಮೂಡಿ, ಇನ್ನೊಂದು ವಾದ್ಯ ಅದನ್ನೆತ್ತಿಕೊಂಡಾಗ ಬಣ್ಣ ಬದಲಿಸಿ, ಕಾಲುಸ್ವರದಷ್ಟು, ಅಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ಅರ್ಧದಷ್ಟು, ಸರಿದು ಮತ್ತೆ ನೆಲೆಗೆ ಮರಳುತ್ತದೆ. ತೀರ ಸಮೀಪದ ಎರಡು ನಾದಗಳು ಕೂಡಿ ನುಡಿದಾಗ ಏಳುವ ಮಿಡಿತವೇ ಇಲ್ಲಿ ಲಯದ ಕೆಲಸವನ್ನೂ ಮಾಡುತ್ತದೆ. 1964ರ ನಾಲ್ಕನೆಯ ತಂತಿವಾದ್ಯ ಚತುಷ್ಟಯದಲ್ಲಿ ಪ್ರತಿ ವಾದ್ಯದ ಒಂದೊಂದು ತಂತಿಗೂ ಬೇರೆ ಬೇರೆ ಸ್ವರಪಂಕ್ತಿಯನ್ನು ಬರೆಯಬೇಕಾಯಿತೆಂಬುದರಿಂದ ಆ ಸೂಕ್ಷ್ಮತೆಯ ಅಳತೆ ತಿಳಿಯುತ್ತದೆ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಇದು ಪರಿಚಿತವೆನಿಸಬಹುದಾದರೂ ವ್ಯತ್ಯಾಸ ದೊಡ್ಡದು: ನಮ್ಮ ಕಛೇರಿಯಲ್ಲಿ ಶ್ರುತಿಯು ರಾಗಕ್ಕೆ ಆಧಾರ, ಶೆಲ್ಸಿಯವರಲ್ಲಿ ಆ ಆಧಾರವೇ ವಸ್ತು.

1961ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಸಲ್ಪಟ್ಟ 'ನಾಲ್ಕು ರಚನೆಗಳು' ಕೃತಿಗೆ ಆಗ ದೊಡ್ಡ ಮನ್ನಣೆಯೇನೂ ದೊರೆಯಲಿಲ್ಲ. 1987ರಲ್ಲಿ ಜರ್ಮನಿಯ ಕಲೋನ್ ನಗರದ ಸಮಕಾಲೀನ ಸಂಗೀತೋತ್ಸವದಲ್ಲಿ ಶೆಲ್ಸಿಯವರ ವಾದ್ಯವೃಂದದ ಕೃತಿಗಳು ಕೇಳಿಬಂದಾಗ ಅವರಿಗೆ ಎಂಬತ್ತೆರಡು ವರ್ಷ. ಅಷ್ಟರಲ್ಲಿ ಸಂಗೀತರಚನಕಾರ ಲಿಗೆಟಿಯವರ 1961ರ 'ಅಟ್ಮಾಸ್ಫಿಯರ್ಸ್' ಕೃತಿಯನ್ನೂ, ನಾದದೊಳಗಿನ ಉಪನಾದಗಳ ವಿಶ್ಲೇಷಣೆಯನ್ನೇ ರಚನೆಯ ತಳಹದಿಯಾಗಿಸಿಕೊಂಡ 'ಸ್ಪೆಕ್ಟ್ರಲ್' ಪಂಥದ ಗ್ರಿಸೆ ಮತ್ತು ಮ್ಯೂರಾಯ್ ಅವರ 1970ರ ದಶಕದ ಕೃತಿಗಳನ್ನೂ ಬಲ್ಲವರಾಗಿದ್ದ ಕೇಳುಗರಿಗೆ, ಅವೆಲ್ಲವುಗಳಿಗಿಂತ ಮೊದಲೇ ಒಬ್ಬರು ಅದೇ ದಾರಿಯಲ್ಲಿ ನಡೆದಿದ್ದರೆಂಬುದು ಅಚ್ಚರಿಯ ವಿಷಯವಾಯಿತು. ಆದರೆ ಗ್ರಿಸೆ ಮತ್ತು ಮ್ಯೂರಾಯ್ 1970ರ ದಶಕದ ಆರಂಭದಲ್ಲಿ ರೋಮಿನಲ್ಲಿದ್ದು ಶೆಲ್ಸಿಯವರ ಪರಿಚಯ ಪಡೆದಿದ್ದವರು. ಆದ್ದರಿಂದ ಭವಿಷ್ಯದ ಮುನ್ಸೂಚನೆಯೆಂದು ಕಂಡದ್ದರಲ್ಲಿ ಒಂದು ಪಾಲು ಮುಂದಿನವರಿಗೆ ದಕ್ಕಿದ ಬಳುವಳಿಯಷ್ಟೇ ಆಗಿತ್ತು.

ಶೆಲ್ಸಿಯವರ ಸ್ವಂತ ನಿಲುವಿನ ಪ್ರಕಾರ ಈ ಅಚ್ಚರಿಗೇ ಆಧಾರವಿಲ್ಲ. ಯೋಗ ಮತ್ತು ಭಾರತೀಯ ಚಿಂತನೆಯಲ್ಲಿ ಆಳವಾದ ಆಸಕ್ತಿಯಿದ್ದ ಅವರು 'ಪ್ರಣಾಮ್' ಎಂಬ ಹೆಸರಿನ ಕೃತಿಗಳನ್ನು ರಚಿಸಿದರು. 'ಕಾಂಕ್ಸ್-ಓಂ-ಪಾಕ್ಸ್' ಕೃತಿಯ ಕೊನೆಯ ಭಾಗದಲ್ಲಿ ಗಾಯಕವೃಂದದಿಂದ ಓಂಕಾರವನ್ನೇ ಹಾಡಿಸಿದರು. ರಚನಕಾರನೆಂಬ ಹೆಸರನ್ನು ಒಪ್ಪದೆ, ತಾವು ಸಂದೇಶವನ್ನು ದಾಟಿಸುವ ಮಧ್ಯವರ್ತಿ ಮಾತ್ರ ಎಂದರು. ಭಾವಚಿತ್ರ ತೆಗೆಸಿಕೊಳ್ಳಲು ನಿರಾಕರಿಸಿ, ಗೆರೆಯೊಂದರ ಮೇಲೆ ವೃತ್ತವಿರುವ ಚಿಹ್ನೆಯನ್ನೇ ತಮ್ಮ ಗುರುತಾಗಿ ಬಳಸಿದರು. ನಾದವು ಮೊದಲೇ ಇದೆ, ಮನುಷ್ಯ ಅದಕ್ಕೆ ದ್ವಾರವಾಗುತ್ತಾನೆ ಎಂಬುದು ಈ ನಿಲುವಿನ ಸಾರ. ಹಾಗೆಂದಮೇಲೆ ಆ ನಾದ ಹಳೆಯದೂ ಅಲ್ಲ, ಹೊಸದೂ ಅಲ್ಲ.

ಭಾರತೀಯ ದರ್ಶನಗಳಲ್ಲಿ ಇದಕ್ಕೆ ಸಮೀಪದ ಚರ್ಚೆ ಬಹುಕಾಲದಿಂದ ನಡೆದಿದೆ. ಶಬ್ದ ನಿತ್ಯವೆಂದೂ, ಉಚ್ಚಾರಣೆಯು ಅದನ್ನು ಹುಟ್ಟಿಸದೆ ಅಭಿವ್ಯಕ್ತಗೊಳಿಸುತ್ತದೆ ಎಂದೂ, ಅಂದರೆ ಕತ್ತಲಲ್ಲಿದ್ದ ಗಡಿಗೆಯನ್ನು ದೀಪ ತೋರಿಸುವಂತೆ ತೋರಿಸುತ್ತದೆ ಎಂದೂ ಮೀಮಾಂಸಕರು ವಾದಿಸಿದರೆ, ಪ್ರಯತ್ನದಿಂದ ಹುಟ್ಟಿ ಮರುಕ್ಷಣ ಅಳಿಯುವ ಶಬ್ದ ಅನಿತ್ಯವೆಂದು ನೈಯಾಯಿಕರು ಪ್ರತಿಪಾದಿಸಿದರು. ಮೀಮಾಂಸಕರ ಗಮನವಿದ್ದದ್ದು ಮುಖ್ಯವಾಗಿ ವರ್ಣಗಳ ಮೇಲೆ, ಸಂಗೀತದ ಸ್ವರಗಳ ಮೇಲಲ್ಲವೆಂಬ ಎಚ್ಚರವನ್ನು ಇಟ್ಟುಕೊಂಡೂ ಹೇಳುವುದಾದರೆ, ಶೆಲ್ಸಿ ಮೀಮಾಂಸಕರ ಪಕ್ಷದವರು. 1989ರಲ್ಲಿ, ಶೆಲ್ಸಿ ತೀರಿಕೊಂಡ ಮರುವರ್ಷ, ಆ ಕೃತಿಗಳ ನಿಜವಾದ ಕರ್ತೃ ತಾವೇ ಎಂದು ಪತ್ರಿಕೆಯೊಂದರಲ್ಲಿ ಸಾರಿದ ತೊಸಾತ್ತಿಯವರದು ನೈಯಾಯಿಕರ ಪಕ್ಷ. ಪ್ರಯತ್ನ ಪಟ್ಟವನೇ ಹುಟ್ಟಿಸಿದವನೆಂಬುದು ಅವರ ವಾದದ ತಿರುಳು.

ಮೀಮಾಂಸಕರ ಒರೆಗಲ್ಲಿಗೇ ಹಚ್ಚಿ ನೋಡಿದರೆ ಶೆಲ್ಸಿಯವರ ನಿಲುವು ಪೂರ್ತಿಯಾಗಿ ನಿಲ್ಲುವುದಿಲ್ಲ. ವೇದ ಅಪೌರುಷೇಯ, ಎಂದರೆ ಯಾವ ಪುರುಷನಿಂದಲೂ ರಚಿತವಾದುದಲ್ಲ, ಎಂಬುದಕ್ಕೆ ಮೀಮಾಂಸಕರು ಕೊಡುವ ಕಾರಣಗಳಲ್ಲೊಂದು, ಅವಿಚ್ಛಿನ್ನವಾದ ಅಧ್ಯಯನಪರಂಪರೆಯಿದ್ದೂ ಅದರ ಕರ್ತೃವಿನ ಸ್ಮರಣೆ ಯಾರಲ್ಲಿಯೂ ಉಳಿದಿಲ್ಲವೆಂಬುದು. ಶೆಲ್ಸಿಯವರ ವಿಷಯದಲ್ಲಿ ಕರ್ತೃಸ್ಮರಣೆ ಬೇಕಾದಷ್ಟಿದೆ. ನುಡಿಸಿದ ಕೈ ಯಾವುದೆಂದೂ ಬರೆದ ಕೈ ಯಾವುದೆಂದೂ ಗೊತ್ತಿದೆ. ಮೂಲ ಟೇಪುಗಳು ರೋಮಿನ ಇಸಬೆಲ್ಲಾ ಶೆಲ್ಸಿ ಪ್ರತಿಷ್ಠಾನದ ಸಂಗ್ರಹದಲ್ಲಿವೆ. ಹಾಗೆಂದು ತೊಸಾತ್ತಿಯವರ ವಾದವೂ ಪೂರ್ಣವಲ್ಲ, ಏಕೆಂದರೆ ಯಾವ ನಾದವನ್ನು ಬರೆಯಬೇಕೆಂಬುದು ಟೇಪಿನಲ್ಲಿ ಮೊದಲೇ ನಿಶ್ಚಯವಾಗಿತ್ತು.

ಆದ್ದರಿಂದ ನಾದವನ್ನೂ ಕೃತಿಯನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಸ್ವರವೂ ಅದರ ಉಪನಾದಗಳೂ ಪ್ರಕೃತಿಯಲ್ಲಿರುವಂಥವು; ಅವಕ್ಕೆ ಶತಮಾನದ ಹಂಗಿಲ್ಲ, ಅವು ತೋರಿಕೊಳ್ಳುತ್ತವೆ ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಒಂದು ಸ್ವರವನ್ನು ಎಲ್ಲಿ ಆರಂಭಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು, ಯಾವ ವಾದ್ಯಕ್ಕೆ ಒಪ್ಪಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಣಯಗಳು ಮನುಷ್ಯರವು. ಅವಕ್ಕೆ ಇಸವಿಯೂ ಇದೆ, ಊರೂ ಇದೆ. ಕೇಳುಗರ ಬೆರಗು ಈ ಎರಡನೆಯದಕ್ಕೆ ಸಲ್ಲುವಷ್ಟರ ಮಟ್ಟಿಗೆ ನ್ಯಾಯವಾದುದು. ಅದನ್ನು ಮೌಲ್ಯದ ಅಳತೆಗೋಲಾಗಿಸಿದರೆ ಮಾತ್ರ ಶೆಲ್ಸಿಯವರ ಕೃತಿ ಮುಂದೆ ಬರಲಿದ್ದವರ ಆಗಮನವನ್ನು ಸಾರಿದ ಡಂಗುರವಾಗಿಬಿಡುತ್ತದೆ, ತನ್ನಷ್ಟಕ್ಕೆ ಕೇಳತಕ್ಕದ್ದಾಗಿ ಉಳಿಯುವುದಿಲ್ಲ.

ದಿವ್ಯಪ್ರೇರಣೆಗೆ ತಲೆಬಾಗಿ ಕರ್ತೃತ್ವವನ್ನು ತ್ಯಜಿಸುವುದು ವಿನಯವೇ ಹೌದು. ಆದರೆ ತ್ಯಜಿಸುವ ಹಕ್ಕು ತನ್ನ ಪಾಲಿನ ಮೇಲೆ ಮಾತ್ರ ಇರುತ್ತದೆ. ಜೊತೆಗೆ ದುಡಿದವನ ಪಾಲನ್ನೂ ದೈವದ ಲೆಕ್ಕಕ್ಕೆ ಬರೆಯುವುದನ್ನು ವಿನಯವೆನ್ನಲಾಗದು. ಶೆಲ್ಸಿಯವರ ಕೃತಿಗಳನ್ನು ಅವುಗಳಲ್ಲಿ ಕೇಳಿಬರುವ ನಾದದ ಬಲದಿಂದಲೇ ಅಳೆಯಬೇಕು, ಮತ್ತು ಅವುಗಳ ಮುಖಪುಟದಲ್ಲಿ ಎರಡು ಹೆಸರುಗಳಿರಬೇಕು.