ಬಣ್ಣ ಕಾಣದಿರುವುದೂ ಪ್ರಮಾಣವೇ?

ಒಂದು ವಸ್ತು ಇಲ್ಲ ಎಂಬ ಅರಿವು ಯಾವ ಪ್ರಮಾಣದಿಂದ ಹುಟ್ಟುತ್ತದೆ ಎಂಬುದು ಭಾರತೀಯ ದರ್ಶನಗಳ ಹಳೆಯ ಜಿಜ್ಞಾಸೆ. ನೆಲದ ಮೇಲೆ ಗಡಿಗೆ ಇಲ್ಲವೆಂಬುದನ್ನು ಕಣ್ಣೇ ತಿಳಿಸುತ್ತದೆ ಎಂದರು ನೈಯಾಯಿಕರು. ಇಲ್ಲದ್ದರೊಡನೆ ಇಂದ್ರಿಯ ಕೂಡುವುದಾದರೂ ಹೇಗೆ ಎಂಬುದು ಕುಮಾರಿಲ ಭಟ್ಟನ ಮೀಮಾಂಸಾ ಪಂಥದ ಆಕ್ಷೇಪ. ಆ ಪಂಥ ಕಾಣದಿರುವಿಕೆಯನ್ನೇ ಪ್ರತ್ಯೇಕ ಪ್ರಮಾಣವಾಗಿ ಒಪ್ಪಿತು, ಅದೇ ಅನುಪಲಬ್ಧಿ. ಅದ್ವೈತಿಗಳೂ ಅದನ್ನು ಸ್ವೀಕರಿಸಿದರು. ಆದರೆ ಅದಕ್ಕೊಂದು ನಿಬಂಧನೆಯುಂಟು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು, ಇದೇ ಯೋಗ್ಯತೆ. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಈ ನಿಬಂಧನೆ ಎಷ್ಟು ಗಟ್ಟಿಯಾದದ್ದೆಂಬುದು ಲ್ಯೂಕೇಮಿಯಾ ಪತ್ತೆಯಲ್ಲಿ ಗೊತ್ತಾಗುತ್ತದೆ. ಸೊಂಟದ ಮೂಳೆಯಿಂದ ತೆಗೆದ ಅಸ್ಥಿಮಜ್ಜೆಯನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಲೀಶ್‌ಮನ್ ಅಥವಾ ಗೀಮ್ಸಾ ಬಣ್ಣ ಹಾಕಿದರೆ ಬಲಿಯದ ಬ್ಲಾಸ್ಟ್ ಕೋಶಗಳು ಕಾಣುತ್ತವೆ. ಅವು ಮೈಲಾಯ್ಡ್ ಕುಲದವೋ ಲಿಂಫಾಯ್ಡ್ ಕುಲದವೋ ಎಂಬುದು ಮಾತ್ರ ಎಷ್ಟೋ ಸಲ ತಿಳಿಯದು. ಚಿಕಿತ್ಸೆ ನಿಂತಿರುವುದೇ ಆ ಭೇದದ ಮೇಲೆ. ಮೈಲಾಯ್ಡ್ ಕೋಶಗಳ ಕಣಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಕಿಣ್ವವು ಹೈಡ್ರೋಜನ್ ಪೆರಾಕ್ಸೈಡ್ ಹಾಗೂ ತಕ್ಕ ರಾಸಾಯನಿಕ ಸೇರಿದಾಗ ಕಂದು ಬಣ್ಣ ಕೊಡುತ್ತದೆ. ಬ್ಲಾಸ್ಟ್‌ಗಳಲ್ಲಿ ಶೇ. 3ರಷ್ಟಾದರೂ ಹೀಗೆ ಬಣ್ಣ ತಳೆದರೆ ಅವು ಮೈಲಾಯ್ಡ್ ಎಂಬುದು 1976ರಲ್ಲಿ ಫ್ರೆಂಚ್, ಅಮೆರಿಕನ್, ಬ್ರಿಟಿಷ್ ತಜ್ಞರು ರೂಪಿಸಿದ ವರ್ಗೀಕರಣದಲ್ಲಿ ಬಳಕೆಯಾದ ಗಡಿ.

ಬಣ್ಣ ಬಾರದಿದ್ದರೆ? ಆಗ ಮೊದಲು ನೋಡಬೇಕಾದದ್ದು ಅದೇ ಸ್ಲೈಡಿನ ಬಲಿತ ನ್ಯೂಟ್ರೋಫಿಲ್‌ಗಳನ್ನು. ಅವುಗಳಲ್ಲಿ ಈ ಕಿಣ್ವ ಹೇರಳ. ಅವೂ ಬಣ್ಣವಿಲ್ಲದೆ ಉಳಿದಿದ್ದರೆ ಬ್ಲಾಸ್ಟ್‌ಗಳ ಬಗ್ಗೆ ಆ ಸ್ಲೈಡ್ ಹೇಳುವುದನ್ನು ನಂಬುವಂತಿಲ್ಲ. ಮೀಮಾಂಸಕರು ಕೇಳಿದ ಬೆಳಕು ಇಲ್ಲಿ ಆ ನ್ಯೂಟ್ರೋಫಿಲ್‌ಗಳೇ. ಸ್ಲೈಡ್ ಹಳತಾದಂತೆ ಕಿಣ್ವ ಕುಂದುತ್ತದೆ. ಅಂಥಲ್ಲಿ ಕಣಗಳ ಕೊಬ್ಬಿನಂಶವನ್ನು ಹಿಡಿಯುವ ಸುಡಾನ್ ಬ್ಲ್ಯಾಕ್ ಬಿ ನೆರವಿಗೆ ಬರುತ್ತದೆ.

ನ್ಯೂಟ್ರೋಫಿಲ್‌ಗಳು ಬಣ್ಣ ತಳೆದರೂ ನಿಬಂಧನೆ ಪೂರ್ತಿ ಈಡೇರಿತೆನ್ನಲಾಗದು. ಬಲಿತ ಕೋಶದಲ್ಲಿ ಕಂಡೇ ತೀರುವ ಕಿಣ್ವ, ಆಗಷ್ಟೇ ಮೈಲಾಯ್ಡ್ ಹಾದಿ ಹಿಡಿದ ಬ್ಲಾಸ್ಟ್‌ನಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಅತ್ಯಲ್ಪವಾಗಿರಬಹುದು. ಇಂಥ ರೋಗವನ್ನು ಅದೇ ವರ್ಗೀಕರಣವು 1991ರಲ್ಲಿ ಎಂ0 ಎಂಬ ಹೆಸರಿನಿಂದ ಸೇರಿಸಿಕೊಂಡಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೋ, ಸಿಡಿ13, ಸಿಡಿ33 ಮುಂತಾದ ಪ್ರತಿಜನಕಗಳ ಗುರುತೋ ಅದರ ಕುಲವನ್ನು ತೋರಿಸುತ್ತವೆ. ಹಾಗಾಗಿ ವರದಿಯ ‘ನೆಗೆಟಿವ್’ ಎಂಬ ಮಾತು ಕಿಣ್ವವೇ ಇಲ್ಲವೆಂದು ಸಾರುವುದಿಲ್ಲ. ಈ ಬಣ್ಣಕ್ಕೆ, ಈ ಮಸೂರಕ್ಕೆ ಕಾಣಲಿಲ್ಲವೆಂದಷ್ಟೇ ಹೇಳುತ್ತದೆ. ಅನುಪಲಬ್ಧಿ ಬೇರೆ ಪ್ರಮಾಣವೋ ಪ್ರತ್ಯಕ್ಷದ್ದೇ ಒಂದು ಬಗೆಯೋ ಎಂಬ ವಾದ ಹೇಗೇ ಮುಗಿಯಲಿ, ಅದಕ್ಕೆ ಹಾಕಿದ ಯೋಗ್ಯತೆಯ ನಿಬಂಧನೆಯನ್ನು ರೋಗಿಯ ಹಿತದೃಷ್ಟಿಯಿಂದ ಪ್ರಯೋಗಾಲಯ ಬಿಡುವಂತಿಲ್ಲ.