ನಮ್ಮ ತೆರಿಗೆ, ನಮ್ಮ ಮಕ್ಕಳು

ನಾವು ಕೊಟ್ಟ ಶಾಲಾ ತೆರಿಗೆ ಪಕ್ಕದೂರಿನ ಮಕ್ಕಳಿಗೆ ಯಾಕೆ ಹೋಗಬೇಕು? ಕೇಳಲು ಒರಟೆನಿಸಿದರೂ ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ತನ್ನ ಮಗುವಿನ ಓದಿಗೆ ಹೆಚ್ಚು ತೆರಲು ಸಿದ್ಧನಿರುವ ತಂದೆಯನ್ನು ಸ್ವಾರ್ಥಿ ಎನ್ನುವುದು ಹೇಗೆ?

ನಮ್ಮಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಸ್ಥಳೀಯರು ಆರಿಸಿದ ಶಾಲಾ ಮಂಡಳಿಯೇ ಮನೆ, ಜಮೀನುಗಳ ಮೇಲೆ ತೆರಿಗೆ ಹಾಕುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಅದರಿಂದಲೇ ನಡೆಯುತ್ತದೆ. ದುಡ್ಡು ಕೊಟ್ಟವರೇ ತೀರ್ಮಾನಿಸುವ ಈ ಏರ್ಪಾಡನ್ನು ಪ್ರಜಾಪ್ರಭುತ್ವದ ಒಳ್ಳೆಯ ಮಾದರಿಯೆಂದು ಹೊಗಳುವವರಿದ್ದಾರೆ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಪ್ರದೇಶದ ಎರಡು ಶಾಲಾ ಜಿಲ್ಲೆಗಳ 1967-68ರ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. ಎಡ್ಜ್‌ವುಡ್‌ನವರು ಬಹುಪಾಲು ಮೆಕ್ಸಿಕನ್ ಮೂಲದ ಬಡವರು. ನೂರು ಡಾಲರ್ ಆಸ್ತಿಗೆ ಅವರು ತೆತ್ತದ್ದು 1.05 ಡಾಲರ್, ಆ ಪ್ರದೇಶದಲ್ಲೇ ಅತಿ ಹೆಚ್ಚಿನ ದರ. ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದು ಉಳಿದದ್ದು ಪ್ರತಿ ವಿದ್ಯಾರ್ಥಿಗೆ 26 ಡಾಲರ್. ಶ್ರೀಮಂತ ಅಲಾಮೊ ಹೈಟ್ಸ್‌ಗೆ 85 ಸೆಂಟ್ ದರದಲ್ಲೇ 333 ಡಾಲರ್ ಉಳಿಯಿತು. ಆಸ್ತಿಯ ಬೆಲೆಯೇ ಎಂಟು ಪಟ್ಟು ಹೆಚ್ಚಿದ್ದಾಗ ಹೀಗಾಗದೆ ಇನ್ನೇನು?

1968ರಲ್ಲಿ ಎಡ್ಜ್‌ವುಡ್ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಡೆಮೆಟ್ರಿಯೊ ರೊಡ್ರಿಗಸ್ ಮತ್ತಿತರ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ವಾದವನ್ನು ತಿರಸ್ಕರಿಸಿತು. ಶಿಕ್ಷಣ ಅಲ್ಲಿನ ಸಂವಿಧಾನ ಕಾಪಾಡುವ ಮೂಲಭೂತ ಹಕ್ಕಲ್ಲ, ಸ್ಥಳೀಯ ನಿಯಂತ್ರಣವನ್ನು ಉಳಿಸಿಕೊಳ್ಳುವುದು ಸಕಾರಣವಾದ ಉದ್ದೇಶ ಎಂದಿತು. ಭಿನ್ನಮತ ಬರೆದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ವೈಟ್ ಅವರ ಆಕ್ಷೇಪ ಸರಳವಾಗಿತ್ತು: ಆಯ್ಕೆ ಅಲಾಮೊ ಹೈಟ್ಸ್‌ನವರಿಗಿದೆ, ಎಡ್ಜ್‌ವುಡ್‌ನವರಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ನನಗೆ ಮುಖ್ಯವೆನಿಸುವುದು ಇಲ್ಲಿ ಬೆರೆತುಹೋಗಿರುವ ಎರಡು ಸಂಗತಿಗಳು. ಮಗುವಿಗಾಗಿ ಎಷ್ಟು ಹೊರೆ ಹೊರುತ್ತೇನೆ ಎಂಬುದು ನನ್ನ ತೀರ್ಮಾನ, ಅದಕ್ಕೆ ನೈತಿಕ ಬೆಲೆಯಿದೆ. ನನ್ನ ಬೀದಿಯ ಮನೆಗಳ ಬೆಲೆ ಎಷ್ಟು, ಜಿಲ್ಲೆಯ ಗಡಿ ಎಲ್ಲಿ ಹಾದುಹೋಗಿದೆ ಎಂಬುದು ನನ್ನ ತೀರ್ಮಾನವಲ್ಲ. ಆ ಗೆರೆ ಎಳೆದದ್ದು ಸರ್ಕಾರ. ಮೊದಲನೆಯದರ ಗೌರವವನ್ನು ಎರಡನೆಯದರ ಲಾಭಕ್ಕೆ ಹೊದಿಸಿದಾಗ ಅನ್ಯಾಯ ವಾತ್ಸಲ್ಯದಂತೆ ಕಾಣುತ್ತದೆ.

1989ರಲ್ಲಿ ಟೆಕ್ಸಾಸ್‌ನ ಸುಪ್ರೀಂ ಕೋರ್ಟ್ ತನ್ನ ರಾಜ್ಯದ ಸಂವಿಧಾನದ ಆಧಾರದಲ್ಲೇ ಆ ಪದ್ಧತಿಯನ್ನು ಒಮ್ಮತದಿಂದ ತಳ್ಳಿಹಾಕಿತು. 1993ರ ಕಾನೂನು ಸಿರಿವಂತ ಜಿಲ್ಲೆಗಳ ಹಣದ ಒಂದಂಶವನ್ನು ಉಳಿದವಕ್ಕೆ ಹಂಚಿತು. ಜನ ಅದಕ್ಕೆ ‘ರಾಬಿನ್ ಹುಡ್’ ಎಂದು ಹೆಸರಿಟ್ಟರು, ಕದ್ದು ಹಂಚಿದಂತೆ. ದೂರುವವರ ಮಾತಿನಲ್ಲೂ ಹುರುಳಿದೆ: ಹಣ ದೂರ ಹೋದಷ್ಟೂ ಶಾಲೆಯ ಮೇಲಿನ ಊರಿನವರ ಅಕ್ಕರೆ ತಗ್ಗಬಹುದು. ಆದರೆ ಆ ಅಕ್ಕರೆಯನ್ನು ತೆರಿಗೆಯ ದರದಿಂದ ಅಳೆಯುವುದಾದರೆ, 1.05 ಡಾಲರ್ ತೆತ್ತ ಎಡ್ಜ್‌ವುಡ್‌ನ ತಂದೆಯ ಅಕ್ಕರೆಯೇ ಹೆಚ್ಚಿನದು. ನಮ್ಮ ಮಕ್ಕಳು ಎಂದು ಅವನೂ ಹೇಳುತ್ತಿದ್ದ.